ಹದಿನೇಳನೇ ಕಲ್ಲು

ಯಂತ್ರಕ್ಕೆ ಜೀಪಿನಲ್ಲಿ ಸೀಟು ಇತ್ತು. ಅವಳಿಗೆ ಇರಲಿಲ್ಲ.

ಅಳತೆಯ ಯಂತ್ರವನ್ನು ಹಳದಿ ಪೆಟ್ಟಿಗೆಯಲ್ಲಿ ಮಲಗಿಸಿ, ಪೆಟ್ಟಿಗೆಗೆ ಬೆಲ್ಟು ಬಿಗಿದು, ಸರ್ವೇಯರ್ ತನ್ನ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದ. ಅವಳು ಹಿಂದೆ, ಕಲ್ಲುಗಳ ಜೊತೆ. ಜೀಪು ಹೋಗುವಷ್ಟು ದೂರ ಕಲ್ಲು ಜಾರದ ಹಾಗೆ ಕಾಲಲ್ಲಿ ಒತ್ತಿ ಹಿಡಿಯಬೇಕು. ಜೀಪು ನಿಂತಲ್ಲಿಂದ ಮುಂದೆ ಕಲ್ಲು ಅವಳ ತಲೆಯ ಮೇಲೆ. ಬಿಸಿಲೇರಿದರೆ ಯಂತ್ರಕ್ಕೆ ಕೊಡೆ ಹಿಡಿಯುತ್ತಾರೆ. ಹಿಡಿಯುವವಳೂ ಅವಳೇ. ಕೊಡೆಯ ನೆರಳು ಯಂತ್ರದ ಮೇಲೆ ಬೀಳಬೇಕು, ಅವಳ ಮೇಲೆ ಬಿದ್ದರೆ ಬೈಗುಳ.

ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಹೆಸರಿತ್ತು. ಬಾಯಲ್ಲಿ ಎಲ್ಲರಿಗೂ ‘ಕಡ್ಡಿ’. ಅಳತೆಯ ಉದ್ದ ಕೋಲು ಹಿಡಿದು ಪೊದೆಯ ನಡುವೆ ನಿಲ್ಲುವುದು ಅವಳ ಕೆಲಸ. ದೂರದಿಂದ ನೋಡಿದರೆ ಕೋಲು ಯಾವುದು, ಅವಳು ಯಾವುದು ಎಂದು ತಿಳಿಯುವುದಿಲ್ಲ ಅಂತ ಯಾರೋ ನಕ್ಕಿದ್ದರು. ನಗು ಮುಗಿಯಿತು, ಹೆಸರು ಉಳಿಯಿತು. ಅಪ್ಪ ನೆಲ ಅಳೆಯುವ ಸರಪಳಿ ಎಳೆಯುತ್ತಿದ್ದ ಕೆಲಸಕ್ಕೆ ಅಪ್ಪನ ಕಾಲು ಹೋದ ಮೇಲೆ ಇವಳು ಬಂದಳು. ಹಂಗಾಮಿ ಅಂದರು. ಹದಿನಾಲ್ಕು ವರ್ಷದ ಹಂಗಾಮಿ. ಆಫೀಸಿನೊಳಗೆ ಚಪ್ಪಲಿ ಬಿಟ್ಟು ಬರಬೇಕು, ಬೆಂಚಿನ ಮೇಲೆ ಕೂರಬಾರದು, ನಕಾಶೆಗಳ ಕೋಣೆಗೆ ಕಾಲಿಡಬಾರದು. ನೀರು ಬೇಕಾದರೆ ಹೊರಗಿನ ನಲ್ಲಿ.

ಗಡಿ ಗುರುತಿನ ಬಾಂದುಕಲ್ಲು ನೋಡಿದವರಿಗೆ ಮೊಣಕಾಲೆತ್ತರ. ತಲೆಗೆ ಬಿಳಿ ಬಣ್ಣ, ಎದೆಗೆ ಒಂದು ನಂಬರು. ನೆಲದ ಮೇಲೆ ಕಾಣುವಷ್ಟೇ ನೆಲದ ಕೆಳಗೂ ಇರುತ್ತದೆ ಅನ್ನುವುದು ಹೊತ್ತವರಿಗೆ ಮಾತ್ರ ಗೊತ್ತು. ಬಟ್ಟೆಯ ಸಿಂಬಿ ಎಷ್ಟು ದಪ್ಪ ಸುತ್ತಿದರೂ ಅವಳ ನೆತ್ತಿಯಲ್ಲಿ ಅಂಗೈಯಷ್ಟು ಜಾಗದಲ್ಲಿ ಕೂದಲು ಹುಟ್ಟುವುದನ್ನು ಬಿಟ್ಟಿತ್ತು. ಬಾಚುವಾಗ ಸುತ್ತಲಿನ ಕೂದಲನ್ನು ಎಳೆದು ಅದನ್ನು ಮುಚ್ಚುತ್ತಿದ್ದಳು.

ಈ ಸಲ ಹಳೆ ಕಲ್ಲು ಬಿದ್ದ, ಕಳೆದ ಕಡೆ ಮತ್ತೆ ನೆಡಲು ಬಂದ ಕಲ್ಲುಗಳು ಹೊಸವು, ನುಣುಪಾದವು. ಗುಡ್ಡದಡಿಯ ಕ್ವಾರಿಯವರು ಪುಕ್ಕಟೆ ಕಳಿಸಿದ್ದರು. “ವನ್ಯಜೀವಿಗಳ ನೆಲ ಉಳಿಸೋ ಕೆಲಸ. ನಮ್ಮದೂ ಒಂದು ಅಳಿಲು ಸೇವೆ ಇರ್ಲಿ,” ಅಂದಿದ್ದ ಕ್ವಾರಿಯ ಮ್ಯಾನೇಜರ್. ಗುಡ್ಡವನ್ನು ಅರ್ಧ ತಿಂದವನು ಅದೇ ಗುಡ್ಡದ ಚೂರನ್ನು ಗುಡ್ಡದ ಕಾವಲಿಗೆ ಕೊಟ್ಟಿದ್ದ. ಅದರಲ್ಲಿ ಹದಿನೇಳನೆಯದು ಈಗ ಅವಳ ತಲೆಯ ಮೇಲಿತ್ತು.

ಹಳ್ಳದ ತಿರುವಿನ ಹತ್ತಿರ ಸರ್ವೇಯರ್ ಯಂತ್ರ ನೋಡಿ ಕೈಯೆತ್ತಿದ. “ಇಲ್ಲೇ. ತೋಡು.”

ಅವಳು ತೋಡಿದಳು. ಹಾರೆ ಇಳಿದಷ್ಟೂ ಒಂದೇ ಬಣ್ಣದ ಮಣ್ಣು. ಬೇರಿನ ಗಂಟುಗಳು ಹೆಣೆದ ಹಾಗೆಯೇ ಇದ್ದವು. ಮೊಳದಾಳ ಹೋದಳು. ಒಂದೂವರೆ ಮೊಳ ಹೋದಳು. ಆಮೇಲೆ ಹಾರೆ ಪಕ್ಕಕ್ಕಿಟ್ಟು ಕೈಯಲ್ಲಿ ಕೆದಕಿದಳು. ಈ ನೆಲವನ್ನು ಯಾರೂ ಯಾವತ್ತೂ ಮುಟ್ಟಿರಲಿಲ್ಲ.

ಅವಳು ಮಾತಾಡುವವಳಲ್ಲ. ಕೇಳಿದರೂ ತಲೆಯಾಡಿಸಿ ಮುಗಿಸುವವಳು. ಆವತ್ತು ಬಾಯಿ ತಾನಾಗಿ ತೆರೆಯಿತು.

“ಸಾರ್, ಇಲ್ಲಿ ಇದ್ದಿಲು ಇಲ್ಲ.”

“ಇದ್ದಿಲು ಯಾಕೆ? ಅಡಿಗೆ ಮಾಡ್ತೀಯಾ?”

“ಹಳೇ ಕಲ್ಲಿನ ಬುಡದಲ್ಲಿ ಇರತ್ತೆ ಸಾರ್.”

ಸರ್ವೇಯರ್ ನಗುವುದನ್ನು ನಿಲ್ಲಿಸಿದ. ಕೊಡೆಯ ನೆರಳಿಗೆ ಬಂದು ಕೂರಲು ಹೇಳಿದ. ತನ್ನ ಬಾಟಲಿಯ ನೀರು ಕೊಟ್ಟ. ಹದಿನಾಲ್ಕು ವರ್ಷದಲ್ಲಿ ಇದೇ ಮೊದಲು. ಅವಳು ಬಾಟಲಿಯನ್ನು ತುಟಿಗೆ ತಾಕಿಸದೆ ಎತ್ತಿ ಕುಡಿದು, ಹೇಳತೊಡಗಿದಳು. ಮೂವತ್ತಾರು ವರ್ಷದ ಹಿಂದೆ ಕಾಡುಪ್ರಾಣಿಗಳ ಈ ಮೀಸಲು ನೆಲವನ್ನು ಮೊದಲು ಅಳೆದ ಹಳೆ ಸರ್ವೇಯರ್ ಪ್ರತಿ ಗುಂಡಿಗೂ ಕಲ್ಲಿಗಿಂತ ಮೊದಲು ಎರಡು ಬೊಗಸೆ ಇದ್ದಿಲು, ಒಂದು ಹಿಡಿ ಮಡಕೆ ಚೂರು ಹಾಕಿಸುತ್ತಿದ್ದನಂತೆ. ಮರ ಕೊಳೆಯುತ್ತದೆ, ಕಬ್ಬಿಣ ತುಕ್ಕಾಗುತ್ತದೆ, ಇದ್ದಿಲು ನೂರು ವರ್ಷ ಹಾಗೇ ಇರುತ್ತದಂತೆ. ಕಲ್ಲನ್ನು ಯಾರು ಬೇಕಾದರೂ ರಾತ್ರೋರಾತ್ರಿ ಕಿತ್ತು ಜರುಗಿಸಬಹುದು, ನೆಲದೊಳಗಿನ ಕರಿಯನ್ನು ತೊಳೆಯುವುದಕ್ಕಾಗುವುದಿಲ್ಲ ಅನ್ನುತ್ತಿದ್ದನಂತೆ. ಇದ್ದಿಲು ಹಾಕಿದ ಕೈ ಅಪ್ಪನದು. ಹಳೆ ಕಲ್ಲುಗಳ ಬುಡದಲ್ಲಿ ತಾನೇ ಎಷ್ಟೋ ಸಲ ಕಂಡಿದ್ದೇನೆ ಅಂದಳು. ಹೇಳುತ್ತ ಹೇಳುತ್ತ ಅವಳ ಬೆನ್ನು ನೆಟ್ಟಗಾಯಿತು. ಒಬ್ಬ ಓದಿದವನು ತನ್ನ ಮಾತಿಗೆ ಕಿವಿಗೊಟ್ಟು ಕೂತಿದ್ದಾನೆ.

ಎಲ್ಲ ಕೇಳಿದ ಸರ್ವೇಯರ್ ತನ್ನ ಕೈಯಲ್ಲುಳಿದಿದ್ದ ಬಾಟಲಿಯ ಮುಚ್ಚಳವನ್ನು ಬೆರಳಲ್ಲಿ ತಿರುಗಿಸಿದ.

“ಒಳ್ಳೇದಾಯ್ತು ಹೇಳಿದ್ದು. ಯಾರೋ ಮೇಲಕ್ಕೆ ದೂರು ಬರೆದಿದಾರೆ, ಗಡಿ ಜರುಗಿದೆ ಅಂತ. ನಾಳಿದ್ದು ಮೇಲಧಿಕಾರಿ ಬರ್ತಾರೆ. ಆಯಮ್ಮ ಹಳೇ ನಿಯಮ ಎಲ್ಲ ಓದ್ಕೊಂಡಿರೋ ಪೈಕಿ. ನೀನೊಂದು ಕೆಲ್ಸ ಮಾಡು. ನಾಳೆ ಎರಡು ಬೊಗಸೆ ಇದ್ದಿಲು ತಂದು ಇಲ್ಲಿಗೆ ಹಾಕು.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಬಾಟಲಿ ಹಿಡಿದೇ ಎದ್ದು ನಿಂತಳು.

“ಕಲ್ಲು ಇಲ್ಲಿರ್ಲಿಲ್ಲ ಸಾರ್.”

“ಎಲ್ಲಿತ್ತು ಹಾಗಾದ್ರೆ?”

ಅದು ಅವಳಿಗೂ ಗೊತ್ತಿರಲಿಲ್ಲ.

ಸರ್ವೇಯರ್ ಕೈಯಲ್ಲಿದ್ದ ಪರದೆಯನ್ನು ಅವಳತ್ತ ತಿರುಗಿಸಿದ. ನಕಾಶೆಯನ್ನು ಅವಳಿಗೆ ಯಾರಾದರೂ ತೋರಿಸಿದ್ದೂ ಇದೇ ಮೊದಲು. ಗುಡ್ಡದ ನೆತ್ತಿಯ ಮೇಲೆ ಹದಿನಾರನೇ ಗುರುತು. ಅದು ನೆಟ್ಟ ಕಲ್ಲಲ್ಲ, ಬಂಡೆಯಲ್ಲೇ ಕೊರೆದದ್ದು. ಅದನ್ನು ಜರುಗಿಸುವ ಗಂಡು ಹುಟ್ಟಿಲ್ಲ. ಅಲ್ಲಿಂದ ಹದಿನೇಳಕ್ಕೆ ನೇರ ಗೆರೆ. ಗೆರೆಯ ಆಚೆ ಊರು, ಈಚೆ ಮೀಸಲು. ಆದರೆ ಹದಿನೇಳು ಇದ್ದಲ್ಲಿ ಹಳೆ ನಕಾಶೆ ಮಡಿಕೆ ಬಿದ್ದು ಹರಿದುಹೋಗಿತ್ತು. ಕಾಗದ ಇಲ್ಲದ ಕಡೆ ನೆಲ ಹೇಳಿದ್ದೇ ಮಾತು.

“ಹರಿದ ಎರಡು ತುದಿ ಕೂಡಿಸಿ ನೋಡಿದೆ. ಹಳೇ ಗೆರೆ ಮೊದಲು ಕ್ವಾರಿ ಮೇಲೆ ಹೋಗತ್ತೆ. ಅಲ್ಲಿಂದ ಎಲ್ಲಿಗೆ ಹೋಗತ್ತೆ ಹೇಳು ನೋಡೋಣ.”

ಅವನ ಬೆರಳು ಗೆರೆಯ ಉದ್ದಕ್ಕೂ ಜಾರಿ ನಿಂತಿತು. ಸಾಲುಮನೆಗಳು. ಅವಳ ಸಾಲುಮನೆಗಳು.

“ನಿಮ್ಮ ಬಾಗಿಲು ಊರಲ್ಲಿ, ನಿಮ್ಮ ಒಲೆ ಮೀಸಲಲ್ಲಿ. ಹಾಗೇ ಬಿಟ್ರೆ ನಾಳೆ ಬುಲ್ಡೋಜರ್ ಬರತ್ತೆ. ಅದಕ್ಕೇ ಹದಿನೇಳನ್ನ ಇಲ್ಲಿಗೆ ತಂದೆ. ಬಾಗಿಲು ಕೀಲಿನ ಮೇಲೆ ತಿರುಗೋ ಹಾಗೆ ಗೆರೆ ಹದಿನಾರರ ಮೇಲೆ ತಿರುಗ್ತು. ಕ್ವಾರಿನೂ ಆಚೆ, ನೀವೂ ಆಚೆ. ಈ ಹಳ್ಳದ ದಡ ಅಷ್ಟೇ ಮೀಸಲಿಂದ ಹೋಗೋದು. ಇಲ್ಲೇನಿದೆ? ನಾಕು ನೀರುನಾಯಿ. ಅವೇನು ಓಟು ಹಾಕ್ತಾವಾ?” ಅವನು ಎದ್ದು ಪ್ಯಾಂಟು ಕೊಡವಿಕೊಂಡ. “ನಿಮ್ಮಪ್ಪನ್ನೂ ಕರ್ಕೊಂಡು ಬಾ. ಹಳೇ ಅಳತೆಯವರ ಪೈಕಿ ಉಸಿರಾಡ್ತಿರೋನು ಅವನೊಬ್ನೇ. ಕಲ್ಲು ಇಲ್ಲೇ ಇತ್ತು ಅಂತ ಒಂದು ಮಾತು ಹೇಳಿ ಹೆಬ್ಬೆಟ್ಟು ಒತ್ತಲಿ. ನಿನ್ನ ಕೆಲಸ ಕಾಯಂ ಮಾಡೋಕೆ ಬರೀತೀನಿ.”

ಬಾಟಲಿಯನ್ನು ಅವಳ ಕೈಯಿಂದ ವಾಪಸು ತೆಗೆದುಕೊಂಡು, ಉಳಿದ ನೀರನ್ನು ನೆಲಕ್ಕೆ ಚೆಲ್ಲಿದ.

*

ಮನೆಗೆ ಬಂದವಳು ಕಾಲು ತೊಳೆಯಲು ಹಿತ್ತಿಲ ಬಚ್ಚಲಿಗೆ ಹೋದಳು. ಗಳಕ್ಕೆ ಗೋಣಿ ಕಟ್ಟಿದ ಮರೆ, ನೀರಿನ ಡ್ರಮ್ಮು, ಬಟ್ಟೆ ಒಗೆಯುವ ಕಲ್ಲು. ಹುಟ್ಟಿದಾಗಿನಿಂದ ಆ ಕಲ್ಲು ಅಲ್ಲೇ ಇತ್ತು. ಅವ್ವ ಅದರ ಮೇಲೆ ಒಗೆದಳು, ಇವಳು ಒಗೆದಳು, ಅತ್ತಿಗೆ ಒಗೆದಳು. ತಲೆ ಸವೆದು ತಟ್ಟೆಯಂತಾಗಿತ್ತು.

ನೀರು ಹುಯ್ದುಕೊಳ್ಳುತ್ತ ಅವಳು ಅದನ್ನು ನೋಡಿದಳು. ಗುಡ್ಡದ ನೆತ್ತಿಯ ಕಡೆ ನೋಡಿದಳು. ಮತ್ತೆ ಕಲ್ಲನ್ನು ನೋಡಿದಳು. ಕೂತು, ಕಲ್ಲಿನ ಬದಿಯ ಪಾಚಿಯನ್ನು ಉಗುರಿನಿಂದ ಕೆರೆದಳು. ಯಾರೋ ಉಳಿಯಿಂದ ಉಜ್ಜಿದ ಗಾಯಗಳಿದ್ದವು. ಕಣ್ಣಿಗೆ ಏನೂ ಕಾಣಲಿಲ್ಲ. ಬೆರಳಿಗೆ ಸಿಕ್ಕಿತು. ಒಂದು, ಪಕ್ಕದಲ್ಲಿ ಏಳು.

“ಸಿಕ್ತಾ?”

ಅಪ್ಪ ಹಿತ್ತಿಲ ಬಾಗಿಲಲ್ಲಿ ಗೋಡೆಗೆ ಒರಗಿ ಕೂತಿದ್ದ. ಒಂದು ಕಾಲು ಕಲ್ಲಡಿ ಸಿಕ್ಕು ಹೋಗಿತ್ತು, ಉಸಿರು ಕ್ವಾರಿಯ ಧೂಳಿಗೆ ಹೋಗುತ್ತಿತ್ತು. ಉಳಿದಿದ್ದು ನಾಲಿಗೆ.

“ನಿಂಗೊತ್ತಿತ್ತಾ ಅಪ್ಪ?”

“ನೆಟ್ಟೋನು ನಾನು. ನಂಗೊತ್ತಿಲ್ದೆ ನಿಮ್ಮ ಸಾಹೇಬನಿಗೆ ಗೊತ್ತಿರತ್ತಾ?” ಕೆಮ್ಮಿ ಉಗುಳಿ ಹೇಳಿದ. “ನಮ್ಮ ಹಳೇ ಊರು ಮೀಸಲೊಳಗೆ ಇತ್ತು. ನಾನೇ ಸರಪಳಿ ಎಳೆದು ನಮ್ಮೂರನ್ನ ಒಳಗೆ ಹಾಕ್ದೆ. ಹಳೇ ಸರ್ವೇಯರು ದೇವರಂಥೋನು ಕಣಮ್ಮ. ನಾನು ಉಂಡ ಡಬ್ಬೀಲೇ ಉಂಡ. ನಮ್ಮೂರನ್ನ ನುಂಗಿದ್ದೂ ಅವನೇ. ಅಳತೆ ಅಂದ್ರೆ ಅಳತೆ, ಏನು ಮಾಡ್ಲಿ ಅಂದ. ಹೊರಗೆ ಜಾಗ ಕೊಡಿಸ್ತೀನಿ ಅಂದ. ಅಷ್ಟರಲ್ಲಿ ಅವನಿಗೆ ವರ್ಗ ಆಯ್ತು. ಆಮೇಲೆ ಆಫೀಸಿಂದ ಬಂದ ಗುಮಾಸ್ತರು ಜೀಪಿಂದ ಇಳೀಲೂ ಇಲ್ಲ. ಕೂತಲ್ಲಿಂದ್ಲೇ ಕೈ ತೋರ್ಸಿದ್ರು, ಅಲ್ಲಿ ಕಟ್ಕೊಳ್ಳಿ ಅಂತ. ಕಲ್ಲು ಅಲ್ಲೇ ನಿಂತಿದೆ ಸ್ವಾಮಿ ಅಂದೆ. ಕಲ್ಲಿದ್ರೆ ಬಟ್ಟೆ ಒಗ್ಯೋಕೆ ಆಗತ್ತೆ ಬಿಡು ಅಂದ್ರು. ಅವರ ಮಾತನ್ನೇ ನಡೆಸ್ದೆ. ನಂಬರು ಉಜ್ಜಿ ಹಾಕ್ದೆ.”

“ಪತ್ರ?”

“ಯಾವ ಪತ್ರ? ಕೈ ತೋರಿಸಿದ್ದೇ ಪತ್ರ.”

ಅವಳು ನಡೆದದ್ದನ್ನು ಹೇಳಿದಳು. ಇದ್ದಿಲಿನ ಮಾತು ತಾನೇ ಬಾಯಿಬಿಟ್ಟದ್ದನ್ನೂ ಹೇಳಿದಳು. ಗೆರೆಯ ಮೇಲಿನ ಉಳಿದ ನೆಲವನ್ನೆಲ್ಲ ಕ್ವಾರಿ ಅಗೆದುಹಾಕಿತ್ತು. ಹಳೆ ಇದ್ದಿಲು ಈಗ ಉಳಿದಿದ್ದರೆ ಈ ಬಚ್ಚಲ ಕಲ್ಲಿನ ಕೆಳಗೆ ಮಾತ್ರ. ಕ್ವಾರಿ ಮೀಸಲನ್ನು ತಿಂದಿದೆ ಅನ್ನುವುದಕ್ಕೆ ಇಡೀ ಲೋಕದಲ್ಲಿ ಇರುವ ಸಾಕ್ಷಿ ಅದೊಂದೇ. ಅದನ್ನು ತೆಗೆದು ತೋರಿಸಿದರೆ ಈ ಮನೆಯೂ ಮೀಸಲಿನೊಳಗೆ.

ಅತ್ತಿಗೆ ಕೆಲಸದಿಂದ ಬಂದಳು. ರೆಪ್ಪೆಯವರೆಗೂ ಬೆಳ್ಳಗೆ ಧೂಳು ಹಿಡಿದು, ಕಣ್ಣೆರಡು ಮಾತ್ರ ಕೆಂಪಗೆ. ಅಣ್ಣ ಕ್ವಾರಿಯ ಸಿಡಿತದಲ್ಲಿ ಸತ್ತ ಮೇಲೆ ಅವರು ಕೊಟ್ಟ ಪರಿಹಾರ ಅಂದರೆ ಇವಳಿಗೆ ಅದೇ ಕ್ವಾರಿಯ ಕ್ರಷರಿನಲ್ಲಿ ಜಲ್ಲಿ ತುಂಬುವ ಕೆಲಸ. ನಿಂತೇ ಎಲ್ಲ ಕೇಳಿಸಿಕೊಂಡಳು.

“ಇದರಲ್ಲಿ ಯೋಚನೆ ಮಾಡೋದೇನಿದೆ?” ಅಂದಳು. “ಆ ಮನುಷ್ಯ ನಮ್ಮನ್ನ ಉಳಿಸ್ತೀನಿ ಅಂತಾನೆ. ಇದ್ದಿಲು ಹಾಕಿ ಬಾ.”

“ಉಳಿಸ್ತಿರೋದು ಕ್ವಾರೀನ, ಅತ್ತಿಗೆ. ನಮ್ಮನ್ನ ಮುಂದೆ ನಿಲ್ಸಿಕೊಂಡಿದಾನೆ.”

“ನಿಲ್ಸಿಕೊಳ್ಲಿ. ಅದರ ಹಿಂದೆ ನಮ್ಮ ಸೂರೂ ಉಳಿಯತ್ತಲ್ಲ. ಅಲ್ಲ ಕಣೇ, ನಿಂಗೆ ನೀರುನಾಯಿ ಹೆಚ್ಚಾ, ನಾನು ಹೆಚ್ಚಾ? ಕ್ವಾರಿ ಮುಚ್ಚಿದ್ರೆ ನಾನೇನು ಮಣ್ಣು ತಿನ್ಲಾ? ನಿಮ್ಮಣ್ಣನ ಜೀವ ಕೊಟ್ಟು ತಗೊಂಡ ಕೆಲಸ ಅದು.”

ಅತ್ತಿಗೆ ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಬಲಕ್ಕೆ ತಿರುಗಿದರೆ ಬುಲ್ಡೋಜರ್, ಎಡಕ್ಕೆ ತಿರುಗಿದರೆ ಧೂಳು. ಇವಳು ಗೋಡೆಯ ಬಿರುಕಿಗೆ ಅತ್ತಿಗೆ ತುರುಕಿದ್ದ ಬಟ್ಟೆಯ ಚಿಂದಿಯನ್ನು ನೋಡುತ್ತ ಕೂತಳು. ದಿನಾ ಮಧ್ಯಾಹ್ನ ಸೈರನ್ ಕೂಗಿ ಬಂಡೆ ಸಿಡಿದಾಗ ಆ ಚಿಂದಿ ಒಂದಿಷ್ಟು ಹೊರಗೆ ಬರುತ್ತಿತ್ತು. ದಿನಾ ಸಂಜೆ ಅತ್ತಿಗೆ ಅದನ್ನು ಒಳಗೆ ತಳ್ಳುತ್ತಿದ್ದಳು.

*

ಮರುದಿನ ಬೆಳಿಗ್ಗೆ ಅವಳು ತಮ್ಮ ಒಲೆಯಿಂದ ಇದ್ದಿಲು ಆರಿಸಿದಳು. ಬೂದಿ ಊದಿ, ದೊಡ್ಡ ತುಂಡುಗಳನ್ನು ತಗಡಿನ ಬಾಣಲಿಗೆ ತುಂಬಿಕೊಂಡಳು. ಅತ್ತಿಗೆ ಮಾತಾಡದೆ ಒಂದು ಹಳೆ ಮಡಕೆಯನ್ನು ಒಡೆದು ಚೂರುಗಳನ್ನು ಮೇಲೆ ಹಾಕಿದಳು.

ಹಳ್ಳದ ತಿರುವಿನಲ್ಲಿ ಯಾರೂ ಇರಲಿಲ್ಲ. ನೀರಿನ ಅರ್ಧ ಬಿಳಿ, ಅರ್ಧ ತಿಳಿ. ಕ್ವಾರಿಯಲ್ಲಿ ಜಲ್ಲಿ ತೊಳೆದ ನೀರು ಬಂದು ಸೇರುವ ಕಡೆ ಬಿಳಿ. ತಿಳಿ ಉಳಿದಿದ್ದ ಕಡೆ, ಬೇರುಗಳ ಸಂದಿಯಿಂದ ಒಂದು ನೀರುನಾಯಿ ತಲೆ ಹಾಕಿತು. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳನ್ನು ನೋಡಿತು. ಹಿಂದೆಯೇ ಎರಡು ಮರಿ. ಬಿಳಿ ನೀರಿನ ಅಂಚಿನವರೆಗೂ ಈಜಿದವು. ಅಂಚಿಗೆ ಬಂದದ್ದೇ ಗೋಡೆ ತಾಕಿದ ಹಾಗೆ ತಿರುಗಿದವು. ಮತ್ತೆ ಬಂದವು, ಮತ್ತೆ ತಿರುಗಿದವು. ಇರುವಷ್ಟು ತಿಳಿನೀರಿನಲ್ಲೇ ಅತ್ತಿಂದಿತ್ತ.

ಅವಳು ತುಂಬ ಹೊತ್ತು ನೋಡಿದಳು. ಆಮೇಲೆ ಗುಂಡಿಗೆ ಇದ್ದಿಲು ಸುರಿದಳು. ಮಡಕೆ ಚೂರು ಹಾಕಿದಳು. ಮರಳು ಹಾಕಿ ಕಾಲಲ್ಲಿ ತುಳಿದಳು. ಕ್ವಾರಿಯ ನುಣುಪು ಕಲ್ಲನ್ನು ಒಬ್ಬಳೇ ಒರಗಿಸಿ ಇಳಿಸಿ ನಿಲ್ಲಿಸಿದಳು. ಅಪ್ಪ ಕಲಿಸಿದ ಕೆಲಸವನ್ನು ಒಂದು ತಪ್ಪೂ ಇಲ್ಲದೆ ಮುಗಿಸಿದಳು. ಕೈ ಕರ್ರಗಾಗಿತ್ತು. ಹಳ್ಳದಲ್ಲಿ ತೊಳೆಯಲು ಹೋದವಳು ತೊಳೆಯದೆ ಎದ್ದು ಬಂದಳು.

*

ಮೇಲಧಿಕಾರಿ ಬಂದ ದಿನ ಜೀಪುಗಳು ಐದು. ಮೇಲಧಿಕಾರಿ ಹೆಂಗಸು. ತೆಳ್ಳಗಿನ ದನಿ, ಚೊಕ್ಕ ಶೂಸು, ಕೈಯಲ್ಲಿ ಹಳೆ ನಿಯಮಗಳ ಪುಸ್ತಕ. ಕ್ವಾರಿಯ ಮ್ಯಾನೇಜರ್ ಎಲ್ಲರಿಗೂ ತಂಪು ಪಾನೀಯ ತರಿಸಿದ್ದ. ಸಾಲುಮನೆಯವರೆಲ್ಲ ಇಳಿಜಾರಿನಲ್ಲಿ ನಿಂತಿದ್ದರು. ಯಾರೂ ಕರೆದಿರಲಿಲ್ಲ. ಅತ್ತಿಗೆಯ ಬಾಯಿಂದ ಸುದ್ದಿ ಹಬ್ಬಿತ್ತು. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತು ತಂದರು.

“ಏನಣ್ಣ, ಮೆರವಣಿಗೆ ಜೋರು,” ಅಂದರು ಯಾರೋ.

“ಸತ್ಮೇಲೆ ಹೊರೋರು ಸಿಗ್ತಾರೋ ಇಲ್ವೋ ಅಂತ ಈಗ್ಲೇ ಹೊರಿಸ್ಕೊಂಡೆ,” ಅಂದ ಅಪ್ಪ.

ಸರ್ವೇಯರ್ ಕಲ್ಲು ತೋರಿಸಿದ. ಹಳೆಯದು ನೆರೆಯಲ್ಲಿ ಕೊಚ್ಚಿಹೋಗಿತ್ತು, ಬುಡದ ಗುರುತು ಸಿಕ್ಕಿತು, ಅದರ ಮೇಲೇ ಹೊಸದು ನೆಟ್ಟಿದ್ದೇವೆ ಅಂದ. ಮೇಲಧಿಕಾರಿ ಕಲ್ಲು ತೆಗೆಸಿದಳು. ತೆಗೆಯುವವಳು ಮತ್ತೆ ಅವಳೇ. ಮರಳಿನ ಕೆಳಗೆ ಕಪ್ಪು ಕಂಡಿತು. ಮೇಲಧಿಕಾರಿ ಬಗ್ಗಿ ಒಂದು ತುಂಡನ್ನು ಎತ್ತಿಕೊಂಡು ಬೆರಳಲ್ಲಿ ತಿರುಗಿಸಿದಳು.

“ಇದ್ದಿಲು. ನಿಯಮದ ಪ್ರಕಾರವೇ ಇದೆ,” ಅಂದಳು. ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡ.

ಸರ್ವೇಯರ್ ಬರೆದಿಟ್ಟಿದ್ದ ಹೇಳಿಕೆಯನ್ನು ಅಪ್ಪನ ತೊಡೆಯ ಮೇಲಿಟ್ಟ. ಮಸಿಯ ಡಬ್ಬಿ ತೆರೆದ. ಅಪ್ಪ ಹೆಬ್ಬೆರಳನ್ನು ನೋಡಿಕೊಂಡ. ಮಗಳನ್ನು ನೋಡಿದ.

“ನಂಗೆ ಕಣ್ಣು ಮಂಜು. ಗುಂಡಿ ತೋಡಿದವಳು ನನ್ನ ಮಗಳು. ಅವಳು ಏನಂತಾಳೋ ಅದೇ ನನ್ನ ಮಾತು,” ಅಂದ.

ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು. ಇಷ್ಟು ಕಣ್ಣು ಅವಳ ಮೇಲೆ ಯಾವತ್ತೂ ಬಿದ್ದಿರಲಿಲ್ಲ. ಕೋಲು ಹಿಡಿದು ನಿಂತಾಗಲೂ ಯಂತ್ರ ಕೋಲನ್ನು ನೋಡುತ್ತಿತ್ತು, ಅವಳನ್ನಲ್ಲ.

“ಹೇಳಮ್ಮ,” ಅಂದಳು ಮೇಲಧಿಕಾರಿ. “ನೀನು ಮೊದಲ ಸಲ ತೋಡಿದಾಗ ಇದ್ದಿಲು ಇತ್ತಾ?”

ಒಂದು ‘ಹೂಂ’ ಸಾಕಿತ್ತು. ತಲೆಯಾಡಿಸಿದರೂ ಆಗುತ್ತಿತ್ತು. ಅದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಇಳಿಜಾರಿನಲ್ಲಿ ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಸರ್ವೇಯರ್ ಇವಳ ಕಡೆ ನೋಡುತ್ತಲೂ ಇರಲಿಲ್ಲ. ಬಾಟಲಿಯ ಮುಚ್ಚಳ ತೆಗೆದು ನೀರು ಕುಡಿಯುತ್ತಿದ್ದ. ಇವಳು ಹೂಂ ಅನ್ನುತ್ತಾಳೆ ಅನ್ನುವುದು ಅವನಿಗೆ ಅಷ್ಟು ಖಾತ್ರಿ. ಹೊತ್ತ ಕಲ್ಲು ಬಾಯಿಬಿಡುವುದಿಲ್ಲ, ಹೊತ್ತವಳೂ ಬಿಡುವುದಿಲ್ಲ.

ಆ ನೀರು ಅವನ ಗಂಟಲಲ್ಲಿ ಇಳಿಯುವುದನ್ನು ಅವಳು ನೋಡಿದಳು.

“ಇರ್ಲಿಲ್ಲ,” ಅಂದಳು.

ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೆ ಹೇಳಿದಳು. “ಇರ್ಲಿಲ್ಲ. ನಾನೇ ಹಾಕಿದ್ದು. ನಿನ್ನೆ. ನಮ್ಮನೆ ಒಲೇದು. ಇವರು ಹಾಕು ಅಂದ್ರು.” ಕರ್ರಗಿನ ಅಂಗೈಗಳನ್ನು ತಿರುಗಿಸಿ ಹಿಡಿದಳು.

“ಏ ಕಡ್ಡಿ—” ಅಂದ ಸರ್ವೇಯರ್.

“ನಂಗೆ ಹೆಸರಿದೆ ಸಾರ್. ಹಾಜರಿ ಪುಸ್ತಕ ನೋಡಿ.”

ಮೇಲಧಿಕಾರಿ ಪುಸ್ತಕ ಮುಚ್ಚಿದಳು. “ನಿಜವಾದ ಹದಿನೇಳು ಎಲ್ಲಿದೆ, ಗೊತ್ತಾ?”

“ಗೊತ್ತು.”

ಅವಳು ಹಾರೆ ಎತ್ತಿಕೊಂಡು ನಡೆದಳು. ಚೊಕ್ಕ ಶೂಸು, ಕನ್ನಡಕ, ಕುರ್ಚಿ, ಸಾಲುಮನೆಯ ಜನ ಎಲ್ಲ ಹಿಂದೆ. ಹಿತ್ತಿಲ ಗೋಣಿ ಸರಿಸಿದಳು. ಒಗೆಯುವ ಕಲ್ಲಿನ ಬುಡಕ್ಕೆ ಹಾರೆ ಹಾಕಿ ಮೀಟಿದಳು. ಮೂವತ್ತಾರು ವರ್ಷ ಕೂತ ಕಲ್ಲು. ಅಲುಗಲಿಲ್ಲ. ಯಾರೂ ಕೈ ಹಾಕಲಿಲ್ಲ. ಮತ್ತೆ ಮೀಟಿದಳು. ಸೊಂಟದಲ್ಲಿ ಏನೋ ಚಳಕ್ ಅಂದಿತು. ಮತ್ತೆ. ಕಲ್ಲು ನಿಟ್ಟುಸಿರುಬಿಟ್ಟ ಹಾಗೆ ಒಂದು ಸದ್ದು ಮಾಡಿ ಒರಗಿತು. ಸೋಪಿನ ಕೊಳೆ, ಕೆಸರು, ಎರೆಹುಳು. ಕೆಳಗೆ ಮರಳು. ಮರಳಿನ ಕೆಳಗೆ ಕಪ್ಪು. ಕಪ್ಪಿನ ನಡುವೆ ಕೆಂಪು ಮಡಕೆ ಚೂರು.

ಮೇಲಧಿಕಾರಿ ಅಲ್ಲಿಂದ ಗುಡ್ಡದ ನೆತ್ತಿಯ ಕಡೆ ಕೈ ಚಾಚಿ ನಿಂತಳು. ತೋರುಬೆರಳಿನ ನೇರಕ್ಕೆ ನಡುವೆ ಕ್ವಾರಿಯ ಬಾಯಿ ತೆರೆದಿತ್ತು. ಎಲ್ಲರೂ ನೋಡಿದರು. ಆಮೇಲೆ ಮೇಲಧಿಕಾರಿ ಕೈಯನ್ನು ಅದೇ ನೇರಕ್ಕೆ ಇಳಿಸುತ್ತ ಬಂದಳು. ಗೋಡೆ, ಅಡಿಗೆ ಕೋಣೆ, ಒಲೆ. ಅದನ್ನೂ ಎಲ್ಲರೂ ನೋಡಿದರು.

“ದೊಡ್ಡ ಕೆಲಸ ಮಾಡಿದೀಯಮ್ಮ,” ಅಂದಳು ಮೇಲಧಿಕಾರಿ. ನಿಜವಾಗಿಯೇ ಅಂದಳು. ಆಮೇಲೆ ಜೊತೆಯವರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಒಬ್ಬ ಕೆಂಪು ಬಣ್ಣದ ಡಬ್ಬಿ ತಂದು ಅಡಿಗೆ ಕೋಣೆಯ ಗೋಡೆಗೆ ಗೀಟೆಳೆದ.

ಅತ್ತಿಗೆ ಕೂಗಾಡಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

*

ಕೆಲಸ ಹೋಯಿತು. ಹಂಗಾಮಿಯನ್ನು ತೆಗೆಯಲು ಪತ್ರವೂ ಬೇಕಾಗಿರಲಿಲ್ಲ. ಸರ್ವೇಯರನಿಗೆ ಎಚ್ಚರಿಕೆಯ ಪತ್ರ ಬಂತಂತೆ. ಮತ್ತೇನೂ ಆಗಲಿಲ್ಲ.

ಹತ್ತನೆಯ ದಿನ ಸಾಲುಮನೆಗೆ ನೋಟೀಸು ಬಂತು. ಮೀಸಲು ನೆಲದ ಅತಿಕ್ರಮಣ, ಹದಿನೈದು ದಿನದಲ್ಲಿ ತೆರವು. ಮೂವತ್ತಾರು ವರ್ಷದಲ್ಲಿ ಅವರಿಗೆ ಬಂದ ಮೊದಲ ಪತ್ರ. ಕ್ವಾರಿಗೂ ನೋಟೀಸು ಹೋಗಿತ್ತು. ಅವರು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಮಧ್ಯಾಹ್ನ ಸೈರನ್ ಕೂಗುವುದು ಒಂದು ದಿನವೂ ತಪ್ಪಲಿಲ್ಲ.

ಅತ್ತಿಗೆ ಅವಳ ಜೊತೆ ಮಾತು ಬಿಟ್ಟಿದ್ದಳು. ತಟ್ಟೆ ಇಡುತ್ತಿದ್ದಳು, ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಸಾಲುಮನೆಯ ಹೆಂಗಸರು ನಲ್ಲಿಯ ಹತ್ತಿರ ಅವಳು ಬಂದರೆ ಸುಮ್ಮನಾಗುತ್ತಿದ್ದರು. ಒಬ್ಬಳು ಮಾತ್ರ ಕೇಳಿಸುವ ಹಾಗೆ ಅಂದಳು, “ಸತ್ಯ ಹೇಳಿ ನಮ್ಮನ್ನೆಲ್ಲ ಬೀದಿಗೆ ಹಾಕಿದ ಮಹಾತಾಯಿ.” ಅವಳು ಕೊಡ ತುಂಬಿಸಿಕೊಂಡು ಬಂದಳು. ಬಚ್ಚಲ ಕಲ್ಲನ್ನು ಅದೇ ಗುಂಡಿಗೆ ಮತ್ತೆ ಇಳಿಸಿ, ಅದೇ ಇದ್ದಿಲಿನ ಮೇಲೆ, ನೆಟ್ಟಗೆ ನಿಲ್ಲಿಸಿದ್ದಳು.

ನೋಟೀಸು ಬಂದ ಹದಿನೈದನೆಯ ದಿನ ಬೆಳಿಗ್ಗೆ ಜೀಪು ಬಂತು. ಅದೇ ಸರ್ವೇಯರ್, ಅದೇ ಹಳದಿ ಪೆಟ್ಟಿಗೆ, ಹಿಂದೆ ನಾಲ್ಕು ಪೊಲೀಸರು. ಯಾವ ಮನೆ ಎಷ್ಟು ಒಳಗೆ ಅಂತ ಗುರುತು ಮಾಡಬೇಕು. ಹದಿನೇಳನೇ ಕಲ್ಲಿನಿಂದಲೇ ಅಳೆಯತಕ್ಕದ್ದು ಅಂತ ಮೇಲಧಿಕಾರಿ ಬರೆದಿದ್ದಳು. ಅಂದರೆ ಮೂರು ಕಾಲಿನ ಯಂತ್ರ ಆ ಕಲ್ಲಿನ ನೆತ್ತಿಯ ನೇರಕ್ಕೇ ನಿಲ್ಲಬೇಕು.

ಸರ್ವೇಯರ್ ಗೋಣಿ ಸರಿಸಿದ. ಅವಳು ಕಲ್ಲಿನ ಮೇಲೆ ಕೂತಿದ್ದಳು. ತೊಡೆಯ ಮೇಲೆ ಅಪ್ಪನ ತುಕ್ಕು ಹಿಡಿದ ಸರಪಳಿ.

“ಏಳು.”

“ಏಳಲ್ಲ.”

“ನೀನೇ ತೋರಿಸಿದ ಕಲ್ಲು. ಈಗೇನು?”

“ಗೆರೆಗೆ ಎರಡು ತುದಿ ಇರತ್ತೆ ಸಾರ್. ಹದಿನಾರರಿಂದ ಅಳ್ಕೊಂಡು ಬನ್ನಿ. ಗೆರೆ ಒಂದೇ. ಆ ಕಡೆಯಿಂದ ಬಂದ್ರೆ ಮೊದಲು ಕ್ವಾರಿ ಸಿಗತ್ತೆ. ಅದನ್ನ ಗುರುತು ಮಾಡಿ. ಮಾಡಿ ಮುಗಿಸಿ ಇಲ್ಲಿಗೆ ಬನ್ನಿ. ಆವಾಗ ಏಳ್ತೀನಿ. ಕೋಲು ಬೇಕಾದ್ರೂ ಹಿಡೀತೀನಿ.”

“ಆ ಕಡೆ ತಡೆಯಾಜ್ಞೆ ಇದೆ.”

“ಈ ಕಡೆ ನಾನಿದೀನಿ.”

ಪೊಲೀಸಿನವನೊಬ್ಬ ಕೋಲಿನ ತುದಿಯಿಂದ ಅವಳ ಹೆಗಲನ್ನು ತಿವಿದ. ಅವಳು ಸರಪಳಿಯನ್ನು ಕಲ್ಲಿಗೂ ಸೊಂಟಕ್ಕೂ ಸುತ್ತಿಕೊಂಡಳು. ಇನ್ನೊಬ್ಬ ಜಡೆಗೆ ಕೈ ಹಾಕಿದ. ಸೆರಗು ಜಾರಿತು. ನೆತ್ತಿಯ ಬೋಳು ಬಿಸಿಲಿಗೆ ಬಂತು. ಮುಚ್ಚಿಕೊಳ್ಳಲು ಕೈ ಎದ್ದಿತು. ಅರ್ಧಕ್ಕೆ ನಿಲ್ಲಿಸಿ, ಮತ್ತೆ ಸರಪಳಿ ಹಿಡಿದಳು.

ಹಿತ್ತಿಲ ಬಾಗಿಲು ತೆರೆಯಿತು. ಅತ್ತಿಗೆ. ಕ್ರಷರಿಗೆ ಹೋಗುವ ಹೊತ್ತು ಮೀರಿತ್ತು. ಕಂಕುಳಲ್ಲಿ ಬಟ್ಟೆಯ ಗಂಟು, ಕೈಯಲ್ಲಿ ಸೋಪು. ಪೊಲೀಸಿನವನನ್ನು ಮೊಣಕೈಯಲ್ಲಿ ತಳ್ಳಿಕೊಂಡು ಬಂದು ಕಲ್ಲಿನ ಮುಂದೆ ನಿಂತಳು. ಇಪ್ಪತ್ತೈದು ದಿನದಲ್ಲಿ ಮೊದಲ ಸಲ ಅವಳ ಮುಖ ನೋಡಿದಳು.

“ಜರುಗೇ ಆಚೆ. ಇಡೀ ಕಲ್ಲು ನಿಂಗೊಬ್ಬಳಿಗೇನಾ?”

ಅವಳು ಜರುಗಿದಳು. ಅತ್ತಿಗೆ ಪಕ್ಕದಲ್ಲಿ ಕೂತು ಒಂದು ಒದ್ದೆ ಬಟ್ಟೆಯನ್ನು ಎತ್ತಿ ಕಲ್ಲಿಗೆ ಬಡಿದಳು. ನೊರೆ ಸಿಡಿದು ಹಳದಿ ಪೆಟ್ಟಿಗೆಯ ಮೇಲೆ ಬಿತ್ತು. ಸರ್ವೇಯರ್ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹಿಂದೆ ಸರಿದ. ಬೇಲಿಯ ಆಚೆಯಿಂದ ಇನ್ನೊಬ್ಬಳು ಬಂದಳು, ಕಂಕುಳಲ್ಲಿ ಬಟ್ಟೆ. ಅವಳ ಹಿಂದೆ, ನಲ್ಲಿಯ ಹತ್ತಿರ ಮಹಾತಾಯಿ ಅಂದಿದ್ದವಳು. ಅವಳು ಬಟ್ಟೆ ತರುವುದನ್ನೇ ಮರೆತಿದ್ದಳು, ಬರಿಗೈಯಲ್ಲೇ ಕೂತಳು. ಗೋಡೆಗೆ ಒರಗಿದ್ದ ಅಪ್ಪ ಕೆಮ್ಮಿನ ನಡುವೆ ಏನೋ ಅಂದ. ಯಾರಿಗೂ ಕೇಳಿಸಲಿಲ್ಲ.

ಪೊಲೀಸರು ಫೋನಿನಲ್ಲಿ ಇನ್ನಷ್ಟು ಜನ ಕೇಳಿದರು. ಜೀಪಿನ ನೆರಳಿಗೆ ಹೋಗಿ ನಿಂತರು. ಬಿಸಿಲೇರಿತು. ಯಂತ್ರಕ್ಕೆ ಕೊಡೆ ಹಿಡಿಯುವವರು ಇರಲಿಲ್ಲ.

ಮಧ್ಯಾಹ್ನ ಸೈರನ್ ಕೂಗಿತು. ಕಲ್ಲಿನ ಕೆಳಗೆ ನೆಲ ಅದುರಿತು. ಧೂಳು ಎದ್ದು ಮೆಲ್ಲಗೆ ಬಂದು ಹಗ್ಗದ ಮೇಲೆ ಒಣಗಲು ಹಾಕಿದ್ದ ಬಟ್ಟೆಗಳ ಮೇಲೆಲ್ಲ ಬೆಳ್ಳಗೆ ಕೂತಿತು.

“ಎಲ್ಲ ಮತ್ತೆ ಒಗೀಬೇಕು,” ಅಂದಳು ಅತ್ತಿಗೆ.

“ಒಗೆಯೋಣ,” ಅಂದಳು ಅವಳು.